ಗಲ್ಲಾದಮ್ಮನ ಮೂಗು

ಗಲ್ಲಾದಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಸುಳ್ಳೇನಲ್ಲ. ಆದರೆ ಆ ಮೂಗಿನಲ್ಲಿ ಕೋಪದ ಜೊತೆಗೆ ಇನ್ನೊಂದೂ ಇತ್ತು. ಅದು ಅವಳ ಹೊಟ್ಟೆಪಾಡು. ಇಳಿಜಾರು ಬೀದಿಯ ತಿರುವಿನಲ್ಲಿ, ಟೈಲರ್ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಒತ್ತರಿಸಿಕೊಂಡು ಕೂತ ಪುಟ್ಟ ಬಾರು ಅವಳದು. ಗಂಡ ತೀರಿಕೊಂಡ ಮೇಲೆ ಗಲ್ಲಾದ ಹಿಂದಿನ ಎತ್ತರದ ಸ್ಟೂಲು ಹತ್ತಿ ಕೂತವಳು ಇನ್ನೂ ಇಳಿದಿಲ್ಲ. ಹೆಸರು ಹಿಡಿದು ಕರೆಯುವವರೆಲ್ಲ ಒಬ್ಬೊಬ್ಬರಾಗಿ ಹೋಗಿಬಿಟ್ಟು, ಈಗ ಅವಳು ಎಲ್ಲರಿಗೂ ಗಲ್ಲಾದಮ್ಮ. ಕೆಳಗೆ ಬಾರು, ಮೇಲೆ ಮನೆ, ನಡುವೆ ಕಿರುಗುಟ್ಟುವ ಮರದ ಮೆಟ್ಟಿಲು.

ಉಳಿದ ದಿನಗಳಲ್ಲಿ ಅಲ್ಲಿಗೆ ಬರುವವರು ಬೆರಳೆಣಿಕೆಯಷ್ಟು ಜನ. ಚಳಿಗಾಲ ಬಂತೆಂದರೆ ಮಾತ್ರ ನಿಲ್ಲಲೂ ಜಾಗವಿರದು. ಕಾರಣ ಒಂದೇ, ಬಿಸಿ ಕಿತ್ತಳೆ. ಹೆಸರು ಕೇಳಿ ಮಕ್ಕಳ ಶರಬತ್ತು ಎಂದುಕೊಳ್ಳಬೇಡಿ. ಮೊದಲ ನಿಜವಾದ ಚಳಿ ಬಿದ್ದ ಸಂಜೆ ಗಲ್ಲಾದಮ್ಮ ಕಲಾಯಿ ಹಾಕಿಸಿದ ತಾಮ್ರದ ಪಾತ್ರೆಯನ್ನು ಅಟ್ಟದಿಂದ ಇಳಿಸುತ್ತಿದ್ದಳು. ಕಿತ್ತಳೆ, ನಿಂಬೆಗಳ ಸಿಪ್ಪೆಯನ್ನು ಒಳಗಿನ ಬಿಳಿ ಬಾರದ ಹಾಗೆ ತೆಳ್ಳಗೆ ಹೆರೆದು, ದಾಲ್ಚಿನ್ನಿ ಚಕ್ಕೆ, ಲವಂಗ, ಜೇನುತುಪ್ಪದ ಜೊತೆ ಸ್ವಲ್ಪವೇ ನೀರಿನಲ್ಲಿ ಸಣ್ಣ ಉರಿಗೆ ಇಡುತ್ತಿದ್ದಳು. ಆಮೇಲೆ ಹಣ್ಣಿನ ರಸ. ಕೊನೆಗೆ, ಪಾತ್ರೆಯನ್ನು ಉರಿಯಿಂದ ಇಳಿಸಿ, ಟಕೀಲಾ. ಬೇಲಿಯ ಕತ್ತಾಳೆಯ ದಾಯಾದಿಯಂಥ ಒಂದು ಗಿಡದ ಗೆಡ್ಡೆಯನ್ನು ಬೇಯಿಸಿ ಇಳಿಸುವ ಮದ್ಯ ಅದು. ಬೇರೆ ಕಡೆ ಜನ ಅದನ್ನು ಉಪ್ಪು ನೆಕ್ಕಿ, ಒಂದೇ ಗುಟುಕಿಗೆ ಗಂಟಲಿಗೆ ಸುರಿದುಕೊಂಡು, ನಿಂಬೆ ಕಚ್ಚಿ ಮುಖ ಕಿವುಚುತ್ತಾರಂತೆ. "ಅದೇನು ಕುಡಿಯೋದಾ? ಔಷಧಿ ನುಂಗೋದು" ಎಂದು ಗಲ್ಲಾದಮ್ಮ ಮೂಗು ಮುರಿಯುತ್ತಿದ್ದಳು. ಅವಳ ಪಾತ್ರೆಗೆ ಬಿದ್ದ ಟಕೀಲಾ ತನ್ನ ಜೋರನ್ನೆಲ್ಲ ಬಿಟ್ಟು, ಬಿಸಿಬಿಸಿಯಾಗಿ, ಮೆಲ್ಲಗೆ ಎದೆಗಿಳಿಯುತ್ತಿತ್ತು.

ಇಷ್ಟೇ ಆಗಿದ್ದರೆ ಯಾರು ಬೇಕಾದರೂ ಮಾಡಿಯಾರು. ಗುಟ್ಟು ಇದ್ದದ್ದು ಇಳಿಸುವ ಹೊತ್ತಿನಲ್ಲಿ. ಸಿಪ್ಪೆ ತನ್ನ ಎಣ್ಣೆ ಬಿಡುತ್ತದಲ್ಲ, ಆಗ ಪಾತ್ರೆಯ ವಾಸನೆ ತಿರುಗುತ್ತದೆ. ಅದಕ್ಕೆ ಮುಂಚೆ ಇಳಿಸಿದರೆ ಹಸಿ, ತಡವಾದರೆ ಕಹಿ. ನಡುವಿನ ಹೊತ್ತು ಒಂದೆರಡು ಉಸಿರಿನಷ್ಟು. ಗಡಿಯಾರ ನೋಡಿ ಹಿಡಿಯೋಣವೆಂದರೆ ಒಂದೊಂದು ಹಣ್ಣಿನ ಸಿಪ್ಪೆ ಒಂದೊಂದು ತರಹ. ಗಲ್ಲಾದಮ್ಮ ಪಾತ್ರೆಯ ಮೇಲೆ ಬಾಗಿ, ಕಣ್ಣು ಮುಚ್ಚಿ, ಒಂದು ಬೆರಳೆತ್ತಿ ನಿಲ್ಲುತ್ತಿದ್ದಳು. ಇಡೀ ಬಾರು ಗಪ್‌ಚಿಪ್. ಆಮೇಲೆ "ಹೂಂ" ಎಂದು ಪಾತ್ರೆ ಇಳಿಸಿದಳೋ, ಜನ ಗ್ಲಾಸು ಹಿಡಿದು ಮುನ್ನುಗ್ಗುತ್ತಿದ್ದರು.

ಅದೇ ಮೂಗು ಮನೆಯಲ್ಲಿ ಸೊಸೆಯ ಬೆನ್ನು ಬಿದ್ದಿತ್ತು. ಮಗ ದೂರದೂರಿನ ಬಸ್ಸು ಓಡಿಸುವವನು, ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಿದ್ದ. ಹಾಗಾಗಿ ಮೇಲಿನ ಎರಡು ಕೋಣೆಗಳಲ್ಲಿ ವರ್ಷಗಳಿಂದ ಬದುಕಿದ್ದು ಅತ್ತೆ ಸೊಸೆ ಇಬ್ಬರೇ. "ಹಾಲು ತಳ ಹಿಡೀತಿದೆ, ಮೂಗೇನು ಅಡವಿಟ್ಟಿದ್ದೀಯಾ?" "ಒದ್ದೆ ಚಪ್ಪಲಿ ಯಾರೇ ಒಳಗೆ ತಂದಿದ್ದು?" "ಥೂ, ಏನೇ ಅದು ತಲೆಗೆ ಹಚ್ಕೊಂಡಿರೋದು?" ಸೊಸೆಯ ತಾಯಿ ಯಾವುದೋ ಸೊಪ್ಪು ಹಾಕಿ ಕಾಯಿಸಿ ಕಳಿಸುತ್ತಿದ್ದ ಎಣ್ಣೆ ಅದು. ಆ ವಾಸನೆ ಇದ್ದರೆ ತನಗೆ ಪಾತ್ರೆಯ ವಾಸನೆ ಸಿಕ್ಕುವುದಿಲ್ಲವೆಂದು ಗಲ್ಲಾದಮ್ಮ ಸೊಸೆ ಬಂದ ಹೊಸತರಲ್ಲೇ ಅದನ್ನು ನಿಲ್ಲಿಸಿದ್ದಳು. ಸೊಸೆಗೆ ದಪ್ಪ ಕನ್ನಡಕ. "ನಮ್ಮವಳಿಗೆ ಮೂಗು ಇರೋದು ಕನ್ನಡಕ ಕೂರಿಸೋಕೆ ಮಾತ್ರ" ಎಂದು ಗಲ್ಲಾದಮ್ಮ ಗಿರಾಕಿಗಳೆದುರೇ ಹೇಳುವಳು. ಗಿರಾಕಿಗಳು ನಗುವರು. ಸೊಸೆಯೂ ನಗುವಳು, ಇನ್ನೇನು ಮಾಡುತ್ತಾಳೆ ಪಾಪ. ಪಾತ್ರೆ ಇಳಿಸುವ ಹೊತ್ತು ಬಂತೆಂದರೆ "ಹೋಗು, ಗ್ಲಾಸು ತೊಳಿ" ಎಂದು ಅವಳನ್ನು ಹಿಂದಕ್ಕೆ ಅಟ್ಟುವುದು ವಾಡಿಕೆಯಾಗಿತ್ತು.

ಹೀಗಿರುವಾಗ ಈ ಸಲ, ಚಳಿಗಾಲ ಇನ್ನೂ ದೂರವಿದ್ದಾಗ, ಗಲ್ಲಾದಮ್ಮನಿಗೆ ಜ್ವರ ಬಂತು. ಮೈ ಕೆಂಡವಾಯಿತು, ಇಳಿಯಿತು, ಎದ್ದು ಕೂತಳು. ಸೊಸೆ ತಂದ ಕಾಫಿಯನ್ನು ಬಾಯಿಗಿಟ್ಟರೆ ಬರೀ ಬಿಸಿ ಕಹಿ ನೀರು. ಮೂಗು ಕಟ್ಟಿದೆ ಎಂದುಕೊಂಡಳು. ಕಟ್ಟಿರಲಿಲ್ಲ, ಉಸಿರು ಸರಾಗವಾಗಿ ಆಡುತ್ತಿತ್ತು. ಸೋಪು ಮೂಸಿದಳು. ಏನೂ ಇಲ್ಲ. ಕೆಳಗಿಳಿದು ಟಕೀಲಾ ಬಾಟಲಿಯ ಬಿರಡೆ ತೆಗೆದು ಮೂಗಿಗೆ ಹಿಡಿದಳು. ಮೂಗಿನೊಳಗೆ ಚುರುಕ್ಕೆಂದಿತು, ಅಷ್ಟೇ, ವಾಸನೆ ಇಲ್ಲ. ಕಿತ್ತಳೆ ತೊಳೆಯನ್ನು ಬಾಯಿಗೆ ಹಾಕಿಕೊಂಡರೆ ಸಿಹಿ ನೀರು, ನಿಂಬೆ ಹಿಂಡಿಕೊಂಡರೆ ಹುಳಿ ನೀರು. ನಾಲಿಗೆಗೆ ಸಿಹಿ, ಹುಳಿ, ಕಹಿ ತಿಳಿಯುತ್ತಿತ್ತು; ಹಣ್ಣು ಯಾವುದೆಂಬುದು ತಿಳಿಯುತ್ತಿರಲಿಲ್ಲ. ಗುಟ್ಟಾಗಿ ಡಾಕ್ಟರ ಹತ್ತಿರ ಹೋಗಿ ಬಂದಳು. "ಮೂಗಿನ ನರ ಕಣಮ್ಮ. ಬಂದ್ರೆ ಬರಬಹುದು, ಬರದೇನೂ ಇರಬಹುದು. ಕಾಯ್ಬೇಕು" ಎಂದರು ಅವರು. ಇಷ್ಟು ಹೇಳಲು ಅಷ್ಟೊಂದು ಓದಬೇಕಿತ್ತೇ ಎಂದು ಬೈದುಕೊಳ್ಳುತ್ತ ಅವಳು ಮನೆಗೆ ಬಂದಳು.

ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಕುಂಟು ಕಾಲು, ಮಂದ ಕಿವಿ ಎಂದರೆ ಜನ ಅಯ್ಯೋ ಎನ್ನುತ್ತಾರೆ. ಇಷ್ಟು ವರ್ಷ ಇಡೀ ಬೀದಿಯ ವಾಸನೆ ಹಿಡಿದು ಹೀಯಾಳಿಸಿದವಳು ತನ್ನ ಮೂಗೇ ಹೋಯಿತೆಂದರೆ ನಗದೆ ಬಿಡುತ್ತಾರೆಯೇ? ಬಿಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು, ಏಕೆಂದರೆ ಅವರ ಜಾಗದಲ್ಲಿ ತಾನಿದ್ದಿದ್ದರೆ ಮೊದಲು ನಗುತ್ತಿದ್ದವಳು ತಾನೇ. ಹಣ್ಣಿನವನು ಬುಟ್ಟಿ ಇಳಿಸಿದರೆ ಮೂಸಿದ ಹಾಗೆ ನಟಿಸಿ "ನಿನ್ನೆಯದಾ?" ಎಂದು ಗದರುತ್ತಿದ್ದಳು. ಅವನು ಹೆದರಿ ನಿಜ ಹೇಳಿಬಿಡುತ್ತಿದ್ದ. ದೇಹದಲ್ಲಿ ಒಂದು ಕಡಿಮೆಯಾದರೂ ಬಾಯಿ ಕಡಿಮೆಯಾಗಿರಲಿಲ್ಲ.

ಮನೆಯಲ್ಲಿ ಮಾತ್ರ ಒಂದು ವಿಚಿತ್ರ ನಡೆಯಿತು. ಸೊಸೆ ಬದಲಾದಳು. ಮೆಟ್ಟಿಲು ಹತ್ತುವಾಗ ಗುನುಗುತ್ತಿದ್ದಳು. ಕೇಳದೆಯೇ ಅತ್ತೆಯ ಬೆನ್ನಿಗೆ ದಿಂಬು ತಂದಿಡುತ್ತಿದ್ದಳು. ಊಟದ ಹೊತ್ತಿನಲ್ಲಿ ಅದೂ ಇದೂ ಮಾತಾಡುತ್ತಿದ್ದಳು. ಒಂದು ದಿನ ಅವಳ ಜಡೆ ಎಣ್ಣೆಯಿಂದ ಮಿರಮಿರ ಮಿಂಚುತ್ತಿದ್ದುದು ಕಣ್ಣಿಗೆ ಬಿದ್ದರೂ ಗಲ್ಲಾದಮ್ಮ ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ. ತನ್ನ ಚಿಂತೆಯೇ ತನಗೆ ಹಾಸಿ ಹೊದೆಯುವಷ್ಟಿತ್ತು. ಗಂಡ ರಜೆ ಹಾಕಿ ಬರುತ್ತಾನೇನೋ, ಅದಕ್ಕೆ ಇವಳಿಗಿಷ್ಟು ಸಡಗರ ಎಂದುಕೊಂಡು ಸುಮ್ಮನಾದಳು.

ಚಳಿ ಯಾರಿಗೂ ಕಾಯುವುದಿಲ್ಲ. ಒಂದು ಮಧ್ಯಾಹ್ನ ಗಾಳಿ ತಣ್ಣಗೆ ತಿರುಗಿತು, ಬೀದಿಯವರು ಉಣ್ಣೆ ಬಟ್ಟೆ ಬಿಸಿಲಿಗೆ ಹಾಕಿದರು. ಬಾರಿನ ಎದುರು ಕಬ್ಬಿಣದ ಗೂಡಂಗಡಿಯಲ್ಲಿ ಬೀಗ ರಿಪೇರಿ ಮಾಡುವವನು ಬಾಗಿಲಲ್ಲಿ ತಲೆ ಹಾಕಿ, "ಗಲ್ಲಾದಮ್ಮ, ನಾಳೆ ಸಂಜೆ ತಾನೆ?" ಎಂದ. ಅವನ ಹಿಂದೆಯೇ, ಮೂಲೆಯ ಮೇಜಿನ ಖಾಯಂ ಗಿರಾಕಿ ಮೇಷ್ಟ್ರು, ರಿಟೈರಾದ ಮೇಲೂ ಹಾಜರಿ ಹಾಕುವ ಚಾಳಿ ಬಿಡದವರು, "ನಾಳೆಯೇ. ಚಳಿ ಆಗಲೇ ಹಾಜರಾಗಿದೆ" ಎಂದರು. ಗಲ್ಲಾದಮ್ಮ "ನಾಳೆಯೇ" ಎಂದುಬಿಟ್ಟಳು. ಬಾಯಿಂದ ಬಿದ್ದ ಮಾತು.

ಅವರು ಹೋದ ಮೇಲೆ ಸಣ್ಣ ಪಾತ್ರೆಯಲ್ಲಿ ಒಬ್ಬಳೇ ಮಾಡಿ ನೋಡಿದಳು. ಬಣ್ಣ ನೋಡಿ ಅಂದಾಜು ಮಾಡಿದಳು, ಹಬೆಗೆ ಅಂಗೈ ಹಿಡಿದಳು, ಗುಳ್ಳೆಯ ಸದ್ದಿಗೆ ಕಿವಿಗೊಟ್ಟಳು. ಒಂದು ಗ್ಲಾಸು ತುಂಬಿಸಿ ಬೀಗದವನನ್ನು ಕರೆದು ಕೊಟ್ಟಳು. ಗ್ಲಾಸಿನ ತಳವನ್ನೂ ಬೆರಳಿಂದ ಬಳಿದು ನೆಕ್ಕುವ ಆಸಾಮಿ ಅವನು. ಒಂದು ಗುಟುಕು ಕುಡಿದು, "ಚೆನ್ನಾಗಿದೆ ಚೆನ್ನಾಗಿದೆ" ಎಂದು ಎರಡು ಸಲ ಹೇಳಿ, ಯಾರೋ ಬೀಗ ಹಿಡಿದು ಕಾಯುತ್ತಿದ್ದಾರೆಂದು ಎದ್ದು ಹೋದ. ಗೂಡಂಗಡಿಯ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಗ್ಲಾಸಿನಲ್ಲಿ ಅರ್ಧ ಉಳಿದಿತ್ತು.

ಗಲ್ಲಾದಮ್ಮ ಆ ಅರ್ಧ ಗ್ಲಾಸನ್ನು ಎದುರಿಗಿಟ್ಟುಕೊಂಡು ಬಹಳ ಹೊತ್ತು ಕೂತಳು. ಮಂಡಿನೋವೆಂದು ಬಾಗಿಲು ಹಾಕಬಹುದು. ಹಣ್ಣು ಸರಿಯಿಲ್ಲವೆನ್ನಬಹುದು. ನಾಳೆಗಾಯಿತು, ನಾಡಿದ್ದಿಗೆ? ಈ ಪಾತ್ರೆ ಒಮ್ಮೆ ಅಟ್ಟ ಸೇರಿತೆಂದರೆ ತಾನೂ ಮೆಟ್ಟಿಲು ಹತ್ತಿ ಮೇಲೆ ಹೋಗಿ ಕಿಟಕಿಯ ಪಕ್ಕ ಕೂರುವವಳೇ, ಮತ್ತೆ ಕೆಳಗಿಳಿಯುವುದಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೆದರಿಕೆಯಾಯಿತು. ಗಂಡ ಸತ್ತಾಗಲೂ ಆಗದಂಥ ಹೆದರಿಕೆ. ಆಗ ಕೈಯಲ್ಲಿ ಕೆಲಸವಿತ್ತು.

"ಏ ಇವಳೇ" ಎಂದು ಕೂಗಿದಳು. "ಕೆಳಗೆ ಬಾ. ಬಾಗಿಲು ಹಾಕು."

ಸೊಸೆ ಸೆರಗಿಗೆ ಕೈ ಒರೆಸುತ್ತ ಬಂದಳು. "ಏನಾಯ್ತು ಅತ್ತೆ?"

"ನನಗೆ ವಾಸನೆ ಬರ್ತಿಲ್ಲ."

"ಯಾವುದರದ್ದು?"

"ಯಾವುದರದ್ದೂ ಇಲ್ಲ. ಆವತ್ತು ಜ್ವರ ಬಂದಿತ್ತಲ್ಲ, ಅವತ್ತಿಂದ. ಮೂಗು ಪೂರ್ತಿ ಹೋಗಿದೆ. ನಾಳೆ ಪಾತ್ರೆ ಇಡ್ತೀನಿ ಅಂತ ಬೇರೆ ಹೇಳ್ಬಿಟ್ಟಿದ್ದೀನಿ. ನೀನು ಪಕ್ಕದಲ್ಲಿ ನಿಂತು ಮೂಸಿ ಹೇಳ್ಬೇಕು. ಕೈ ನಂದು, ಮೂಗು ನಿಂದು. ಯಾರಿಗೂ ಉಸಿರು ಬಿಡ್ಬೇಡ." ಬೇಡುವ ಮಾತನ್ನೂ ಹುಕುಂ ಮಾಡಿಯೇ ಹೇಳಿದಳು. ಬೇರೆ ರೀತಿ ಅವಳಿಗೆ ಬರುತ್ತಿರಲಿಲ್ಲ.

ಸೊಸೆ ಅಯ್ಯೋ ಎನ್ನುತ್ತಾಳೆ ಎಂದುಕೊಂಡಿದ್ದಳು. ಇಲ್ಲವೇ ಒಳಗೊಳಗೇ ನಗುತ್ತಾಳೆ ಎಂದು. ಸೊಸೆ ಎರಡನ್ನೂ ಮಾಡಲಿಲ್ಲ. ಅವಳ ಕೈ ಮೆಲ್ಲಗೆ ಜಡೆಯ ಮೇಲೆ ಹೋಯಿತು.

"ಹಾಗಾದ್ರೆ ಮೊನ್ನೆ ಹಾಲು ಸೀದು ಹೋದಾಗ ನೀವು ಏನೂ ಅನ್ಲಿಲ್ಲ..."

"ಗೊತ್ತೇ ಆಗ್ಲಿಲ್ಲ ಕಣೇ."

"ಈ ಎಣ್ಣೆಗೂ..."

"ಎಣ್ಣೆಗೇನಾಯ್ತು?"

ಸೊಸೆ ಒಮ್ಮೆ ನಕ್ಕಳು, ನಗೆಯಂತಿರದ ನಗೆ. "ಏನಿಲ್ಲ ಅತ್ತೆ. ನಾನು ಬೇರೆ ಅಂದ್ಕೊಂಡಿದ್ದೆ. ಕೊನೆಗೂ ನಿಮಗೆ ನನ್ನ ಮೇಲೆ ಅಕ್ಕರೆ ಬಂತು ಅಂತ. ಅಮ್ಮನಿಗೆ ಫೋನಲ್ಲೂ ಹೇಳ್ಬಿಟ್ಟೆ. 'ಅತ್ತೆ ಬದಲಾಗಿದ್ದಾರೆ ಕಣಮ್ಮ, ನಿನ್ನ ಎಣ್ಣೆ ಹಚ್ಕೊಂಡ್ರೂ ಏನೂ ಅನ್ನಲ್ಲ' ಅಂತ. ಅವಳು ಖುಷಿಯಾಗಿ ಇನ್ನೊಂದು ಸೀಸೆ ಕಳಿಸಿದ್ಲು." ಜಡೆಯನ್ನು ಬೆನ್ನ ಹಿಂದಕ್ಕೆ ಸರಿಸಿ ಹೇಳಿದಳು, "ಬರೀ ಮೂಗು ಹೋಗಿತ್ತು."

ಅವಳು ಮೆಟ್ಟಿಲು ಹತ್ತಿ ಹೋದಳು. ಗಲ್ಲಾದಮ್ಮ ಹಿಂದಿನಿಂದ "ಏ, ನಾಳೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಹಾಗೇನಿಲ್ಲ, ಅಕ್ಕರೆಯೂ ಇತ್ತು ಎನ್ನಬಹುದಿತ್ತು, ಆದರೆ ಅದು ನಿಜವಲ್ಲ. ಆ ದಿನಗಳಲ್ಲಿ ಅವಳು ಸೊಸೆಯನ್ನು ನೆನೆದೇ ಇರಲಿಲ್ಲ. ಬೈಯದೆ ಇದ್ದುದನ್ನೇ ಪ್ರೀತಿ ಎಂದುಕೊಳ್ಳುವಷ್ಟು ಬಡತನದಲ್ಲಿ ಆ ಹುಡುಗಿಯನ್ನು ಇಟ್ಟೆನಲ್ಲ ಎನಿಸಿ ಅವಳಿಗೆ ನಾಚಿಕೆಯಾಯಿತು. ತನ್ನ ಮೇಲೆ ತನಗೇ ಸಿಟ್ಟು ಬಂತು. ಆ ಸಿಟ್ಟನ್ನು ತೀರಿಸಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಅವಳೊಬ್ಬಳೇ ಹಣ್ಣು ಹೆರೆಯುತ್ತ ಕೂತಿದ್ದಾಗ ಮೆಟ್ಟಿಲು ಕಿರುಗುಟ್ಟಿತು. ಸೊಸೆ ಬಂದಳು. ತಲೆಗೆ ಟವೆಲ್ ಸುತ್ತಿತ್ತು. ಕೊರೆಯುವ ಚಳಿಯಲ್ಲಿ ತಲೆಸ್ನಾನ ಮಾಡಿ, ಎಣ್ಣೆಯನ್ನೆಲ್ಲ ಉಜ್ಜಿ ಉಜ್ಜಿ ತೊಳೆದುಕೊಂಡು ಬಂದಿದ್ದಳು. ಅವಳ ತುಟಿ ನಡುಗುತ್ತಿತ್ತು.

"ಎಣ್ಣೆ ವಾಸನೆ ಅಡ್ಡ ಬರಬಾರ್ದಲ್ಲ" ಎಂದಳು. ಕುಹಕವೇನೂ ಇರಲಿಲ್ಲ, ಕೆಲಸದ ಮಾತು.

ಗಲ್ಲಾದಮ್ಮ ತಲೆ ಎತ್ತಲಿಲ್ಲ. ಸಿಪ್ಪೆಯ ಜೊತೆ ಬೆರಳನ್ನೂ ಚೂರು ಹೆರೆದುಕೊಂಡಳು. ನಿಂಬೆರಸ ತಾಗಿ ಗಾಯ ಉರಿಯಿತು. ಉರಿಯಲಿ ಎಂದುಕೊಂಡಳು.

ಮೊದಲ ಪಾತ್ರೆ ಕೆಟ್ಟಿತು. ತಪ್ಪು ಯಾರದೆಂದರೆ ಇಬ್ಬರದೂ.

"ವಾಸನೆ ಬಂತಾ?"

"ಬಂತು."

"ಎಂಥದ್ದೇ?"

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ ನನಗೇನು ತಿಳೀಬೇಕು? ಹಸಿಯಾ, ಬೆಂದಿದೆಯಾ, ತಿರುಗ್ತಾ?"

"ತಿರುಗೋದು ಅಂದ್ರೇನತ್ತೆ? ನೀವು ಯಾವತ್ತು ನನ್ನ ಹತ್ತಿರ ಬಿಟ್ಕೊಂಡಿದ್ದೀರಾ? ಆ ಹೊತ್ತಿಗೆ ಸರಿಯಾಗಿ ಗ್ಲಾಸು ತೊಳೆಯೋಕೆ ಕಳಿಸ್ತಿದ್ರಿ."

ಉತ್ತರ ಕೊಡುವಷ್ಟರಲ್ಲಿ ಹೊತ್ತು ಮೀರಿತ್ತು. ಗಲ್ಲಾದಮ್ಮ ಸೌಟಿನ ತುದಿಯಿಂದ ನಾಲಿಗೆಗೆ ಹಚ್ಚಿಕೊಂಡಳು. ಕಹಿ. ಅದಕ್ಕೆ ಮೂಗು ಬೇಕಿರಲಿಲ್ಲ. ಪಾತ್ರೆಯನ್ನು ತೊಟ್ಟಿಗೆ ಬಗ್ಗಿಸಿ, ತೊಳೆದು, ಮತ್ತೆ ಸಿಪ್ಪೆ ಹಾಕಿದಳು. ಹೊರಗೆ ಬೆಳಕು ಇಳಿಯುತ್ತಿತ್ತು. ಮೇಷ್ಟ್ರ ಕೆಮ್ಮು ಬೀದಿಯ ಆ ತುದಿಯಲ್ಲೇ ಕೇಳಿಸಿತು. ಉಳಿದಿದ್ದ ಹಣ್ಣು ಈ ಒಂದು ಪಾತ್ರೆಗಷ್ಟೇ.

"ನೋಡು" ಎಂದಳು ಗಲ್ಲಾದಮ್ಮ. ದನಿ ಅವಳಿಗೇ ಹೊಸದೆನಿಸಿತು. "ಚೆನ್ನಾಗಿದೆ, ಚೆನ್ನಾಗಿಲ್ಲ, ಅದೆಲ್ಲ ಬೇಡ. ಮೂಗಿಗೆ ಬಡಿದ ವಾಸನೆ ಮುಂಚೆ ನಿನಗೆ ಎಲ್ಲಿ ಸಿಕ್ಕಿತ್ತು, ಅದನ್ನ ಹೇಳು. ಎಲ್ಲಿಂದಾದ್ರೂ ಸರಿ. ನಾನು ನಡುವೆ ಬಾಯಿ ಹಾಕಲ್ಲ."

ಸೊಸೆ ಬಾಗಿದಳು. ಹಬೆಗೆ ಕನ್ನಡಕ ಮಂಜಾಯಿತು. ತೆಗೆದು ಅತ್ತೆಯ ಕೈಗೆ ಕೊಟ್ಟಳು. ಕನ್ನಡಕವಿಲ್ಲದ ಆ ಮುಖವನ್ನು ಇಷ್ಟು ಹತ್ತಿರದಿಂದ ಗಲ್ಲಾದಮ್ಮ ನೋಡಿದ್ದೇ ಇಲ್ಲ. ಮೂಗಿನ ಎರಡೂ ಬದಿ ಕನ್ನಡಕದ ಒತ್ತು ಬಿದ್ದು ಕೆಂಪಗಾಗಿತ್ತು.

"ಇಸ್ತ್ರಿ" ಎಂದಳು ಸೊಸೆ. "ಒದ್ದೆ ಬಟ್ಟೆ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟಾಗ ಬರುತ್ತಲ್ಲ, ಹಾಗೆ. ಶಾಲೆಗೆ ಹೋಗೋ ದಿನ ಬೆಳಗ್ಗೆ."

"ಬರೀ ಹಬೆ ಅದು. ಇನ್ನೂ ಇದೆ. ಆಮೇಲೆ?"

"ಈಗ ಪೆನ್ಸಿಲ್ಲು. ಅಪ್ಪ ಉಳಿಯಲ್ಲಿ ಪೆನ್ಸಿಲ್ ಚೂಪು ಮಾಡಿ ಕೊಡ್ತಿದ್ರು. ಬಡಗಿಗಳಲ್ವಾ, ಮೆಂಡರ್ ತರಿಸೋದೆಲ್ಲ ಅವರಿಗೆ ಅವಮಾನ. ಆ ಸಿಪ್ಪೆ ನಾನು ಜೇಬಲ್ಲಿ ಇಟ್ಕೊಂಡು ಕ್ಲಾಸಲ್ಲಿ ಮೂಸ್ತಾ ಇದ್ದೆ."

ಅದು ದಾಲ್ಚಿನ್ನಿ. ಗಲ್ಲಾದಮ್ಮ ಉರಿಯನ್ನು ಚೂರು ತಗ್ಗಿಸಿದಳು. ಬೀಗರು ಬಡಗಿ ಎಂದು ಅವಳಿಗೆ ಗೊತ್ತಿತ್ತು. ಆ ಬಡಗಿ ಮಗಳಿಗೆ ಪೆನ್ಸಿಲ್ ಚೂಪು ಮಾಡುತ್ತಿದ್ದನೆಂದು ಗೊತ್ತಿರಲಿಲ್ಲ. ಕೇಳಿದ್ದರೆ ತಾನೆ?

"ಈಗ ಪಾಲಿಶು. ಹೊಸ ಬೀರು ಬಾಗಿಲು ತೆಗೆದ ಹಾಗೆ... ಮೂಗಿಗೆ ಸ್ವಲ್ಪ ಚುಚ್ಚುತ್ತೆ. ಅಪ್ಪ ಸತ್ತ ಮೇಲೂ ಅವರ ಅಂಗಿಯಲ್ಲಿ ಇದೇ ಇತ್ತು. ಅಮ್ಮ ಒಗೆಯೋಕೆ ಬಿಡ್ಲಿಲ್ಲ."

ಸಿಪ್ಪೆ ಎಣ್ಣೆ ಬಿಡಲು ಶುರುಮಾಡಿತ್ತು. ಹತ್ತಿರ ಬಂತು, ಇನ್ನೂ ಹಸಿ. ಗಲ್ಲಾದಮ್ಮ ಎರಡು ಕೈಯಲ್ಲೂ ಬಟ್ಟೆ ಹಿಡಿದು, ಪಾತ್ರೆಯ ಹಿಡಿಗಳ ಮೇಲೆ ಕೈಯಿಟ್ಟು ಕಾದಳು. ಮಾತಾಡಲಿಲ್ಲ. ಮಾತು ಕೊಟ್ಟಿದ್ದಳಲ್ಲ. ಹೊರಗೆ ಬೀಗದವನು ಬಾಗಿಲು ತಟ್ಟಿದ, ಇಬ್ಬರೂ ಓಗೊಡಲಿಲ್ಲ.

ಸೊಸೆ ಒಮ್ಮೆಲೇ ಕಣ್ಣು ತೆರೆದಳು. ತಿರುಗಿ ಅತ್ತೆಯ ಕಡೆ ನೋಡಿದಳು. ಮತ್ತೆ ಪಾತ್ರೆಗೆ ಬಾಗಿದಳು.

"ಅತ್ತೆ, ಇದು ನೀವು."

"ನಾನಾ?"

"ನಿಮ್ಮ ಶಾಲು. ಚಳಿಗಾಲದಲ್ಲಿ ಬಾರು ಮುಚ್ಚಿ ಮೇಲೆ ಬರ್ತೀರಲ್ಲ, ಆಗ ಶಾಲಿಂದ ಬರೋದು ಇದೇ. ಇದೇ ಅತ್ತೆ. ನಾನು ನಿದ್ದೆಗಣ್ಣಲ್ಲಿದ್ರೂ ಗೊತ್ತಾಗ್ತಿತ್ತು, ನೀವು ಬಂದ್ರಿ ಅಂತ."

ಗಲ್ಲಾದಮ್ಮ ಪಾತ್ರೆ ಇಳಿಸಿದಳು. ಯೋಚಿಸಲಿಲ್ಲ, ಕೈ ತಾನೇ ಇಳಿಸಿತು. ಟಕೀಲಾ ಸುರಿದು ಮುಚ್ಚಳ ಹಾಕಿ, ಆಮೇಲೆ ಸ್ಟೂಲು ಎಳೆದುಕೊಂಡು ಕೂತಳು. ಊರವರ ವಾಸನೆಯನ್ನೆಲ್ಲ ಹಿಡಿದು ಹೇಳಿದವಳು, ತನ್ನಿಂದ ಎಂಥ ವಾಸನೆ ಬರುತ್ತದೆಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ತಾನು ಅಟ್ಟಿ ಅಟ್ಟಿ ಹಿಂದಕ್ಕೆ ಕಳಿಸಿದ ಹುಡುಗಿ ಆ ಗುಟ್ಟನ್ನು ಪ್ರತಿ ಚಳಿಗಾಲವೂ ಹಾಸಿಗೆಯಲ್ಲಿ ಮಲಗಿಕೊಂಡೇ ಕಲಿತಿದ್ದಳು.

"ಒಳ್ಳೆ ವಾಸನೆಯಾ, ಕೆಟ್ಟದ್ದಾ?" ಎಂದು ಕೇಳಿದಳು.

ಸೊಸೆ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಮೊದಮೊದಲು ಹೆದರಿಕೆ ಆಗ್ತಿತ್ತು, ಈಗೇನು ತಪ್ಪು ಹಿಡೀತಾರೋ ಅಂತ. ಆಮೇಲಾಮೇಲೆ ಆ ವಾಸನೆ ಬರೋವರೆಗೂ ನಿದ್ದೆ ಹತ್ತುತ್ತಿರಲಿಲ್ಲ. ಬಂತು ಅಂದ್ರೆ ಮನೆಯವರೆಲ್ಲ ಒಳಗಿದ್ದಾರೆ, ಇನ್ನು ಮಲಗಬಹುದು ಅಂತ."

ಗಲ್ಲಾದಮ್ಮ ಕೈಯಲ್ಲಿದ್ದ ಕನ್ನಡಕವನ್ನು ತನ್ನ ಶಾಲಿನ ತುದಿಯಲ್ಲಿ ಒರೆಸಿದಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿ, ಸೊಸೆಗೆ ಕೊಟ್ಟು, ಬಾಗಿಲು ತೆಗೆಯಲು ಎದ್ದಳು.

ಜನ ನುಗ್ಗಿದರು. ಅಂಗೈ ಉಜ್ಜಿಕೊಂಡು, ಕೋಟು ಬಿಚ್ಚದೆ, ಒಬ್ಬರ ಹೆಗಲಿಗೊಬ್ಬರು ತಾಗಿ ನಿಂತರು. ಸೊಸೆ ಅಭ್ಯಾಸಬಲದಿಂದ ಹಿಂದಕ್ಕೆ ಹೋಗಿ ತೊಟ್ಟಿಯ ಮುಂದೆ ಗ್ಲಾಸು ತೊಳೆಯತೊಡಗಿದ್ದಳು. ಗಲ್ಲಾದಮ್ಮ ಸೌಟಿನಿಂದ ಮೊದಲ ಗ್ಲಾಸು ತುಂಬಿಸಿ, ಅಂಚಿಗೆ ಸಿಪ್ಪೆಯ ಸುರುಳಿ ಇಟ್ಟು ಮೇಷ್ಟ್ರಿಗೆ ಕೊಟ್ಟಳು. ಅವರು ಊದಿ, ಗುಟುಕರಿಸಿ, ಕಣ್ಣು ಮುಚ್ಚಿದರು. ಗಲ್ಲಾದಮ್ಮ ಸೌಟು ಹಿಡಿದೇ ನಿಂತಳು. ಬೀಗದವನು ತನ್ನ ಗ್ಲಾಸಿನ ತಳಕ್ಕೆ ಬೆರಳು ಹಾಕಿ ಬಳಿಯುತ್ತಿದ್ದುದು ಕಾಣಿಸಿದಾಗಲೇ ಅವಳಿಗೆ ಉಸಿರು ಬಂದದ್ದು.

"ಗಲ್ಲಾದಮ್ಮ" ಎಂದರು ಮೇಷ್ಟ್ರು, ಇಡೀ ಬಾರಿಗೆ ಕೇಳುವ ಹಾಗೆ. "ನೂರಕ್ಕೆ ನೂರು. ಆ ಮೂಗಿಗೊಂದು ನಮಸ್ಕಾರ!"

ಎಲ್ಲರೂ ಹೌದೌದು ಎಂದರು. ಗ್ಲಾಸುಗಳು ಮೇಲೆದ್ದವು. ಹೂಂ ಎಂದರೆ ಮುಗಿದುಹೋಗುತ್ತಿತ್ತು. ಸೊಸೆ ಹೇಳುವವಳಲ್ಲ, ತಿರುಗಿ ಕೂಡ ನೋಡಲಿಲ್ಲ. ಟವೆಲ್ ಸುತ್ತಿದ ಅವಳ ತಲೆ ತೊಟ್ಟಿಯ ಮೇಲೆ ಬಾಗಿತ್ತು, ಕತ್ತಿನ ಹಿಂದೆ ಒದ್ದೆ ಕೂದಲು ಅಂಟಿತ್ತು.

"ಈ ಮೂಗು ಸತ್ತು ಎಷ್ಟೋ ದಿನ ಆಯ್ತು, ಮೇಷ್ಟ್ರೇ" ಎಂದಳು ಗಲ್ಲಾದಮ್ಮ.

ಜನ ನಕ್ಕರು, ತಮಾಷೆ ಎಂದುಕೊಂಡು. ಅವಳು ನಗಲಿಲ್ಲ. ನಗು ಒಂದೊಂದಾಗಿ ನಿಂತಿತು.

"ತಮಾಷೆಯಲ್ಲ. ಜ್ವರದಲ್ಲಿ ಹೋಯ್ತು. ನನ್ನ ಮುಖದ ಮೇಲೆ ಈಗಿರೋದು ಬರೀ ಉಸಿರಾಡೋಕೆ. ನಿನ್ನೆ ಇವನಿಗೆ ಒಂದು ಗ್ಲಾಸು ಕೊಟ್ಟೆನಲ್ಲ, ಅದು ನಾನೊಬ್ಬಳೇ ಮಾಡಿದ್ದು. ಕೇಳಿ ಬೇಕಾದ್ರೆ, ಹೇಗಿತ್ತು ಅಂತ."

ಬೀಗದವನು ಗ್ಲಾಸಿನಿಂದ ಬೆರಳು ತೆಗೆದು ನೆಲ ನೋಡಿದ. "ಸುಮಾರಾಗಿತ್ತು" ಎಂದ.

"ಕೆಟ್ಟದಾಗಿತ್ತು ಅನ್ನೋ. ಅರ್ಧ ಬಿಟ್ಟು ಓಡಿಹೋದೆಯಲ್ಲೋ!" ಎಂದು ಗದರಿಸಿ, ಗಲ್ಲಾದಮ್ಮ ಹಿಂದಕ್ಕೆ ಕೈ ತೋರಿದಳು. "ಇವತ್ತಿಂದು ಅವಳದ್ದು. ಇಡೀ ಬೀದಿಯೆದುರು ನಾನು ಯಾರ ಮೂಗು ಕನ್ನಡಕ ಕೂರಿಸೋಕೆ ಮಾತ್ರ ಅಂತಿದ್ನೋ, ಅವಳದ್ದು. ಆ ಮಾತು ಆಡಿದ್ದು ತಪ್ಪು. ನೀವೆಲ್ಲ ನಕ್ಕಿದ್ದೂ ತಪ್ಪು. ಏ ಇವಳೇ, ಗ್ಲಾಸು ಬಿಡು. ಅದನ್ನ ನಾನು ತೊಳೀತೀನಿ. ಬಂದು ಸೌಟು ಹಿಡಿ."

ಸೊಸೆ ತಿರುಗಿದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಷ್ಟ್ರು ಎದ್ದು ನಿಂತು, ಖಾಲಿ ಗ್ಲಾಸನ್ನು ಅವಳ ಕಡೆ ಚಾಚಿದರು. ಅವಳು ಬಂದು ಸೌಟು ಹಿಡಿದಳು. ಕನ್ನಡಕ ಮತ್ತೆ ಮಂಜಾಯಿತು, ಈ ಸಲ ಹಬೆಯಿಂದಲೋ ಬೇರೆಯದರಿಂದಲೋ ನಾನು ಹೇಳುವುದಿಲ್ಲ. ಅವಳು ತುಂಬಿಸುವಾಗ ಅತ್ತಿತ್ತ ಚೆಲ್ಲಿತು. ಗಲ್ಲಾದಮ್ಮ ತೊಟ್ಟಿಯ ಮುಂದೆ ನಿಂತು ನೋಡಿಯೂ ಏನೂ ಅನ್ನಲಿಲ್ಲ.

ಪಾತ್ರೆ ಬೇಗನೆ ಬರಿದಾಯಿತು. ಜನ ಕರಗಿದ ಮೇಲೆ ಒಲೆಯ ಬಿಸಿ ಇನ್ನೂ ಉಳಿದಿತ್ತು. ಗಲ್ಲಾದಮ್ಮ ಮೇಲೆ ಹೋಗಿ ಒಂದು ಸೀಸೆ ಹಿಡಿದು ಬಂದಳು, ಒಲೆಯ ಪಕ್ಕ ಸ್ಟೂಲು ಎಳೆದಳು, ಅದರ ಮುಂದಿನ ನೆಲ ತೋರಿಸಿದಳು.

"ಕೂರು. ತಲೆ ಒಣಗಿದೆಯಾ ನೋಡ್ತೀನಿ."

ಸೊಸೆ ಸೀಸೆ ನೋಡಿದಳು, ಅತ್ತೆಯನ್ನು ನೋಡಿದಳು, ಕೂತಳು. ಗಲ್ಲಾದಮ್ಮ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡಳು. ರೂಢಿಯಂತೆ ಮೂಗಿನ ಹತ್ತಿರ ತಂದಳು. ಏನೂ ಇಲ್ಲ. ನೆತ್ತಿಗೆ ಹಾಕಿ ತಟ್ಟಿದಳು.

"ವಾಸನೆ ಬರಲ್ಲ ಅಂತ ಹಚ್ತಿದ್ದೀರಾ?" ಸೊಸೆಯ ದನಿಯಲ್ಲಿ ಅರ್ಧ ನಗುವಿತ್ತು, ಅರ್ಧ ನಿಜವಾದ ಪ್ರಶ್ನೆ.

"ಬಂದ್ರೂ ಹಚ್ತೀನಿ."

"ಬಂದ ಮೇಲೆ ನೋಡೋಣ."

"ನೋಡು" ಎಂದಳು ಗಲ್ಲಾದಮ್ಮ. ಕೈ ನಿಲ್ಲಿಸಲಿಲ್ಲ. ಗಾಯವಾದ ಬೆರಳಿಗೆ ಎಣ್ಣೆ ತಂಪೆನಿಸಿತು. ಸ್ವಲ್ಪ ಹೊತ್ತಿನ ಮೇಲೆ, ಸೊಸೆಯ ಮುಖ ಕಾಣದಿದ್ದುದರಿಂದಲೇ ಹೇಳಲು ಸಾಧ್ಯವಾಯಿತೇನೋ, ಹೇಳಿದಳು. "ನಿಮ್ಮಮ್ಮನಿಗೆ ಫೋನಲ್ಲಿ ಹೇಳಿದ್ಯಲ್ಲ, ಅತ್ತೆಗೆ ನನ್ನ ಮೇಲೆ ಅಕ್ಕರೆ ಬಂದಿದೆ ಅಂತ. ಅದನ್ನ ವಾಪಸ್ ತಗೋಬೇಡ."